ಬರೆಯುವವರ ಊರಿನಲ್ಲಿ ಓದುಗರ ಲೆಕ್ಕ

ಧಾರವಾಡದಲ್ಲಿ ನಿಂತು ಕಲ್ಲು ಒಗೆದರೆ ಅದು ಯಾರಾದರೂ ಕವಿಯ ಮನೆಯ ಮೇಲೆಯೇ ಬೀಳುತ್ತದೆ ಎಂಬ ಮಾತು ಈ ಕಡೆ ಎಲ್ಲರಿಗೂ ಗೊತ್ತು. 1973ರಲ್ಲಿ ಬೇಂದ್ರೆ, 1990ರಲ್ಲಿ ಗೋಕಾಕ, 1998ರಲ್ಲಿ ಕಾರ್ನಾಡ, ಹೀಗೆ ಮೂರು ಜ್ಞಾನಪೀಠಗಳ ಹೆಮ್ಮೆ ಆ ಮಾತಿನ ಬೆನ್ನಿಗಿದೆ. ಆದರೆ ಅದು ಬರೆಯುವವರನ್ನಷ್ಟೇ ಎಣಿಸುವ ಮಾತು. ಆ ಕವಿಯ ಪುಸ್ತಕವನ್ನು ದುಡ್ಡು ಕೊಟ್ಟು ಕೊಂಡವರು ಯಾರು, ಕೊಂಡ ಮೇಲೆ ಯಾವ ಹೊತ್ತಿನಲ್ಲಿ ಓದಿದರು, ಆ ದುಡ್ಡಿನಿಂದ ಕವಿಯ ಮನೆಯ ಒಲೆ ಎಷ್ಟು ದಿನ ಹೊತ್ತಿತು ಎಂಬ ಲೆಕ್ಕ ಅದರಲ್ಲಿ ಇಲ್ಲ. ಕನ್ನಡದಲ್ಲಿ ಲೇಖಕನ ಬಾಳುವೆಯ ಬಗ್ಗೆ ನಡೆಯುವ ಚರ್ಚೆಗಳು ಬಹುತೇಕ ಪ್ರಶಸ್ತಿ, ಅನುದಾನ, ಅಕಾಡೆಮಿಗಳ ಸುತ್ತ ತಿರುಗಿ ಮುಗಿಯುತ್ತವೆ. ಲೇಖಕನನ್ನು ನಿಜವಾಗಿ ಸಾಕುವವನು ಖುಷಿಗಾಗಿ ಓದುವ ಮನುಷ್ಯ. ಅವನು ತಾನಾಗಿ ಹುಟ್ಟುವುದಿಲ್ಲ. ಅವನನ್ನು ಬೆಳೆಸಬೇಕಾಗುತ್ತದೆ, ಈ ಊರು ಒಂದು ಕಾಲಕ್ಕೆ ಬೆವರು ಸುರಿಸಿ ಬೆಳೆಸಿತ್ತು. ಆ ಕೆಲಸ ಹೇಗೆ ನಡೆಯಿತು, ಈಗ ಎಲ್ಲಿ ನಿಂತಿದೆ ಎಂದು ನೋಡುವುದು ಈ ಬರಹದ ಉದ್ದೇಶ.

ನೋಡುವುದಕ್ಕೆ ಮಾಳಮಡ್ಡಿ ಒಳ್ಳೆಯ ಜಾಗ. ರೈಲ್ವೆ ಸ್ಟೇಷನ್ನಿನಿಂದ ನಡೆದುಕೊಂಡೇ ಬರಬಹುದಾದ ಈ ಬಡಾವಣೆಯಲ್ಲಿ ಕೆ.ಇ. ಬೋರ್ಡಿನ ಶಾಲೆ ಇದೆ, ಉತ್ತರಾದಿ ಮಠ ಇದೆ. ಮಾಸ್ತರರು, ಕಾರಕೂನರು, ವಕೀಲರು, ರೈಲ್ವೆ ಮತ್ತು ಬ್ಯಾಂಕಿನಿಂದ ನಿವೃತ್ತರಾದವರು ಇಲ್ಲಿ ಮನೆ ಕಟ್ಟಿಕೊಂಡರು. ಬೇಂದ್ರೆಯವರ ಸಾಧನಕೇರಿ ಊರಿನ ಇನ್ನೊಂದು ಮಗ್ಗುಲಿಗಿದೆ. ಸಾಹಿತ್ಯದ ಯಾತ್ರಿಕರು ಅತ್ತ ಹೋಗುತ್ತಾರೆ. ಆದರೆ ಸಾಧನಕೇರಿಯಲ್ಲಿ ಬರೆದದ್ದನ್ನು ತರಿಸಿಕೊಂಡು ಓದಿದ್ದು ಮಾಳಮಡ್ಡಿಯಂಥ ಓಣಿಗಳ ಪಡಸಾಲೆಗಳು. ಇಲ್ಲಿನ ಹಳೆಯ ಮನೆಗಳ ಗೋಡೆಕಪಾಟುಗಳಲ್ಲಿ ಮನೋಹರ ಗ್ರಂಥಮಾಲೆಯ ಸಂಪುಟಗಳು, ಗಂಟು ಕಟ್ಟಿ ಇಟ್ಟ 'ಕಸ್ತೂರಿ' ಮಾಸಿಕದ ಸಂಚಿಕೆಗಳು ಈಗಲೂ ಸಿಗುತ್ತವೆ. ಮನೆ ಕೆಡವಿ ಅಪಾರ್ಟ್‌ಮೆಂಟು ಎಬ್ಬಿಸುವಾಗ ಅವು ರದ್ದಿಗೆ ಹೋಗುವುದನ್ನೂ ಕಂಡಿದ್ದೇವೆ.

ಶುರುವಿನಲ್ಲಿ ಇಲ್ಲಿ ಕನ್ನಡ ಓದುಗನೇ ಇರಲಿಲ್ಲ ಎನ್ನಬೇಕು. ಮುಂಬಯಿ ಇಲಾಖೆಯ ಆಡಳಿತ, ಮರಾಠಿಯಲ್ಲಿ ನಡೆಯುವ ಶಾಲೆ ಮತ್ತು ಕಚೇರಿ. ಮನೆಯಲ್ಲಿ ಕನ್ನಡ ಮಾತನಾಡುವವರೂ ಕಾಗದ ಬರೆಯುವಾಗ ಮರಾಠಿಗೆ, ಮೋಡಿ ಅಕ್ಷರಕ್ಕೆ ಹೊರಳುತ್ತಿದ್ದರು. ಖುಷಿಗೆ ಬೇಕಾದದ್ದು ದೊಡ್ಡಾಟದಲ್ಲಿ, ಪುರಾಣದಲ್ಲಿ, ಕೀರ್ತನೆಯಲ್ಲಿ ಕಿವಿಯ ದಾರಿಯಿಂದ ಸಿಗುತ್ತಿತ್ತು. ಕಣ್ಣಿನ ದಾರಿಯಿಂದ ಖುಷಿ ಬೇಕೆಂದರೆ ಮರಾಠಿ ಕಾದಂಬರಿ. ಇಂಥ ಹೊತ್ತಿನಲ್ಲಿ 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರ ಮುಂದಾಳ್ತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಕನ್ನಡದಲ್ಲಿ ಪುಸ್ತಕ ಬರೆಯುವವರಿಗೆ ಬಹುಮಾನ ಕೊಟ್ಟು, ಅಚ್ಚಿಗೆ ನೆರವಾಗಿ ಉತ್ತೇಜನ ನೀಡುವುದು ಅದರ ಮೊದಲ ಕೆಲಸಗಳಲ್ಲಿ ಒಂದು. 1896ರಲ್ಲಿ ಸಂಘದ 'ವಾಗ್ಭೂಷಣ' ಪತ್ರಿಕೆ ಶುರುವಾಯಿತು. ಸಂಘದ ಹೋರಾಟದ ಇತಿಹಾಸ ಚೆನ್ನಾಗಿ ದಾಖಲಾಗಿದೆ. ಅದು ಪುಸ್ತಕದ ಇತಿಹಾಸವೂ ಹೌದು ಎಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ.

ಬಹುಮಾನದಿಂದ ಲೇಖಕ ಹುಟ್ಟಬಹುದು, ಓದುಗ ಹುಟ್ಟುವುದಿಲ್ಲ. ಇದನ್ನು ತಮ್ಮ ಮೈಯಿಂದಲೇ ಅರಿತವರು ಗಳಗನಾಥರು. ಹಾವೇರಿ ಸೀಮೆಯ ವೆಂಕಟೇಶ ತಿರಕೋ ಕುಲಕರ್ಣಿ, 1869ರಲ್ಲಿ ಹುಟ್ಟಿದವರು, ವೃತ್ತಿಯಿಂದ ಶಾಲಾಮಾಸ್ತರರು. ಅವರ 'ಪದ್ಮನಯನೆ' ವಿದ್ಯಾವರ್ಧಕ ಸಂಘದ ಬಹುಮಾನ ಪಡೆದ ಕಾದಂಬರಿ. ಮುಂದೆ ಅಗಡಿಯ ಆನಂದವನದಿಂದ ಬರುತ್ತಿದ್ದ 'ಸದ್ಬೋಧ ಚಂದ್ರಿಕೆ'ಯಲ್ಲಿ ಅವರು ಕಂತುಕಂತಾಗಿ ಕಾದಂಬರಿ ಬರೆದರು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಥೆಗಳನ್ನು ಕನ್ನಡಕ್ಕೆ ಇಳಿಸಿದರು. ಮರಾಠಿ ಓದಿ ಖುಷಿಪಡುತ್ತಿದ್ದವರ ಕೈಗೆ ಅದೇ ಖುಷಿಯನ್ನು ಕನ್ನಡದಲ್ಲಿ ಇಟ್ಟರು. ಅಷ್ಟಕ್ಕೇ ನಿಲ್ಲಲಿಲ್ಲ. ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಇದನ್ನು ನಾವು ಬಡತನದ ಕಥೆಯಂತೆ ಹೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಬಡತನ ಇದ್ದದ್ದು ನಿಜ. ಆದರೆ ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಒಂದು ಕಟ್ಟುವ ಕೆಲಸ. ಅಂಗಡಿ ಇಲ್ಲದ, ಓದುವ ರೂಢಿ ಇಲ್ಲದ ಹಳ್ಳಿಯ ಚಾವಡಿಗೆ ಕನ್ನಡ ಕಾದಂಬರಿಯನ್ನು ಮುಟ್ಟಿಸಲು ಬೇರೆ ದಾರಿಯೇ ಇರಲಿಲ್ಲ. ಮುಂದಿನ ತಲೆಮಾರಿನ ಪ್ರಕಾಶಕರಿಗೆ ಚಂದಾ ಕೊಟ್ಟ ಓದುಗರು ಗಳಗನಾಥರು ನಡೆದ ದಾರಿಗುಂಟ ಬೆಳೆದವರು.

ಆ ಮುಂದಿನ ತಲೆಮಾರು 1922ರಲ್ಲಿ ಗೆಳೆಯರ ಗುಂಪಾಗಿ ಕೂಡಿಕೊಂಡಿತು. ಬೇಂದ್ರೆ, ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ಮುಂದೆ ಗೋಕಾಕ, ಮುಗಳಿ, ಎನ್ಕೆ. ಅದೇ ವರ್ಷ ಆಲೂರ ವೆಂಕಟರಾಯರ 'ಜಯಕರ್ನಾಟಕ' ಮಾಸಪತ್ರಿಕೆಯೂ ಬಂತು. ಬರೆದದ್ದು ಅಪಾರ, ಗಳಿಸಿದ್ದು ಅತ್ಯಲ್ಪ. ಬೇಂದ್ರೆಯವರ ಬದುಕನ್ನೇ ನೋಡಿ. ಮಾಸ್ತರಿಕೆ, 'ನರಬಲಿ' ಕವಿತೆಗಾಗಿ ಸೆರೆವಾಸ, ಕೆಲಸ ಕಳೆದುಕೊಂಡು ವರ್ಷಗಟ್ಟಲೆ ಅಲೆದಾಟ, ಕೊನೆಗೆ ಕನ್ನಡದ ಈ ವರಕವಿಗೆ ನೆಲೆ ಸಿಕ್ಕಿದ್ದು 1944ರಲ್ಲಿ, ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ. 1956ರವರೆಗೆ ಅಲ್ಲಿದ್ದು ಧಾರವಾಡಕ್ಕೆ ಮರಳಿ ಆಕಾಶವಾಣಿಯ ಸಲಹೆಗಾರರಾದರು. 'ಗರಿ' ಬಂದದ್ದು 1932ರಲ್ಲಿ. ಕವಿಯ ಕೀರ್ತಿ ನಾಡೆಲ್ಲ ಹಬ್ಬಿದ ಹನ್ನೆರಡು ವರ್ಷಗಳ ಮೇಲೆ ಕವಿಗೆ ಸ್ಥಿರವಾದ ಸಂಬಳ. ಕವಿತೆ ಓದಿ ಕಣ್ಣಲ್ಲಿ ನೀರು ತಂದುಕೊಂಡವರು ಸಾವಿರಾರು ಜನ ಇದ್ದರು, ಹಾಡಿಕೊಂಡವರು ಇನ್ನೂ ಹೆಚ್ಚು. ಆದರೆ ಆ ಪ್ರೀತಿ ಕವಿಯ ಮನೆಗೆ ಅಕ್ಕಿಯಾಗಿ ತಲುಪುವ ವ್ಯವಸ್ಥೆ ಇರಲಿಲ್ಲ.

ಆ ವ್ಯವಸ್ಥೆಯನ್ನು ಕಟ್ಟಲು ಹೊರಟವರು ಅದೇ ಗೆಳೆಯರ ಬಳಗದ ಜಿ.ಬಿ. ಜೋಶಿ. ಗದಗ ಸೀಮೆಯ ಹೊಂಬಳದವರು, 'ಜಡಭರತ' ಎಂಬ ಹೆಸರಿನಿಂದ ನಾಟಕ ಬರೆದವರು. 1933ರಲ್ಲಿ ಅವರು ಮನೋಹರ ಗ್ರಂಥಮಾಲೆ ಶುರು ಮಾಡಿದರು. ಮೊದಲ ಪುಸ್ತಕ ಬೆಟಗೇರಿ ಕೃಷ್ಣಶರ್ಮರ ಕಾದಂಬರಿ 'ಸುದರ್ಶನ'. ಪದ್ಧತಿ ಸರಳ. ಓದುಗ ವರ್ಷಕ್ಕೆ ಇಷ್ಟೆಂದು ಮೊದಲೇ ಚಂದಾ ಕಟ್ಟಬೇಕು. ವರ್ಷದಲ್ಲಿ ಇಂತಿಷ್ಟು ಪುಟಗಳ ಪುಸ್ತಕಗಳು ಅವನ ಮನೆಗೆ ಬರುತ್ತವೆ. ಯಾವ ಪುಸ್ತಕ, ಯಾರ ಪುಸ್ತಕ ಎಂಬುದು ಪ್ರಕಾಶಕನ ಆಯ್ಕೆ.

ಈ ಪದ್ಧತಿಯ ಒಳಗೆ ಏನಿದೆ ಎಂದು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ತಿರುಳು ಇಲ್ಲಿಯೇ ಇದೆ. ಅಂಗಡಿಯಲ್ಲಿ ಪುಸ್ತಕ ಕೊಳ್ಳುವವನು ಬರೆದು ಮುಗಿದ ಪುಸ್ತಕಕ್ಕೆ ಬೆಲೆ ಕೊಡುತ್ತಾನೆ. ಚಂದಾದಾರ ಇನ್ನೂ ಅಚ್ಚಾಗದ, ಕೆಲವೊಮ್ಮೆ ಇನ್ನೂ ಬರೆದೇ ಇಲ್ಲದ ಪುಸ್ತಕಕ್ಕೆ ಬೆಲೆ ಕೊಡುತ್ತಾನೆ. ಕಾಗದ ಕೊಳ್ಳುವ ದುಡ್ಡು, ಮೊಳೆ ಜೋಡಿಸುವವರ ಕೂಲಿ ಅವನಿಂದ ಮುಂಗಡವಾಗಿ ಬರುತ್ತದೆ. ಹಾಗಾಗಿ ಪ್ರಕಾಶಕನಿಗೆ ಹೆಸರಿಲ್ಲದ ಲೇಖಕನನ್ನು ಎತ್ತಿಕೊಳ್ಳುವ ಧೈರ್ಯ ಬರುತ್ತದೆ. 1961ರಲ್ಲಿ ಕಾರ್ನಾಡರ 'ಯಯಾತಿ' ಬಂದಾಗ ಅವರು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ, ಯಾರಿಗೂ ಗೊತ್ತಿಲ್ಲದ ಇಪ್ಪತ್ಮೂರರ ಹುಡುಗ. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಇದೇ ಗ್ರಂಥಮಾಲೆಯಿಂದ ಬಂತು. ಎ.ಕೆ. ರಾಮಾನುಜನ್ ಅವರ 'ಹೊಕ್ಕುಳಲ್ಲಿ ಹೂವಿಲ್ಲ' 1969ರಲ್ಲಿ ಬಂತು. ಇವು ಒಂದರ ಹಿಂದೆ ಒಂದು ಯಾರ ಮನೆಗೆ ಹೋದವು? 'ಸುದರ್ಶನ'ದಂಥ ಕಾದಂಬರಿಗಳನ್ನು ಪ್ರೀತಿಯಿಂದ ಓದುತ್ತ ಬಂದಿದ್ದ ಮಾಸ್ತರರ, ತಲಾಟಿಗಳ, ಪೋಸ್ಟಮಾಸ್ತರರ ಮನೆಗೆ. ಅವರಲ್ಲಿ ಕೆಲವರಿಗೆ 'ಸಂಸ್ಕಾರ' ಸಿಟ್ಟು ತಂದಿರಬೇಕು. ಆದರೂ ಅದರ ಮೊದಲ ಅಚ್ಚಿನ ಹೊರೆಯಲ್ಲಿ ಅವರ ಹೆಗಲೂ ಇತ್ತು. ನವ್ಯ ಸಾಹಿತ್ಯ ನಾಲ್ಕಾರು ಪ್ರಾಧ್ಯಾಪಕರಿಂದ ಬೆಳೆಯಿತು ಎಂದು ವಿಮರ್ಶೆಯ ಪುಸ್ತಕಗಳು ಹೇಳುತ್ತವೆ. ಹಳ್ಳಿಪೇಟೆಯ ಚಂದಾದಾರನಿಗೂ ಅದರಲ್ಲಿ ಪಾಲು ಇದೆ ಎಂದು ನಾನು ಹೇಳುತ್ತೇನೆ.

ಇದು ಧಾರವಾಡದ ಹೊಸ ಶೋಧವೇನೂ ಅಲ್ಲ. ಇಂಗ್ಲೆಂಡಿನಲ್ಲಿ ಅಲೆಕ್ಸಾಂಡರ್ ಪೋಪ್ 1715ರಿಂದ 1720ರವರೆಗೆ ಹೋಮರನ 'ಇಲಿಯಡ್' ಅನುವಾದವನ್ನು ಹೀಗೆಯೇ ಚಂದಾದಾರರ ಬಲದಿಂದ ತಂದು, ಯಾವ ದೊರೆಯ ಹಂಗೂ ಇಲ್ಲದೆ ಬದುಕುವಷ್ಟು ಗಳಿಸಿದ. ಆದರೆ ಪೋಪ್‌ನ ಚಂದಾದಾರರಲ್ಲಿ ಶ್ರೀಮಂತರು, ಪದವಿಯವರು ಹೆಚ್ಚು. ಜೋಶಿಯವರ ಚಂದಾದಾರ ತಿಂಗಳ ಸಂಬಳದಲ್ಲಿ ಎಣ್ಣೆ, ಬೇಳೆಯ ನಡುವೆ ಪುಸ್ತಕಕ್ಕೂ ನಾಲ್ಕು ರೂಪಾಯಿ ತೆಗೆದಿಟ್ಟವನು.

ಸುಭಾಷ ರೋಡಿನ ಗ್ರಂಥಮಾಲೆಯ ಅಟ್ಟ ಇನ್ನೂ ಒಂದು ಕೆಲಸ ಮಾಡಿತು. ಬಂದ ಹಸ್ತಪ್ರತಿಯನ್ನು ಅಲ್ಲಿ ಓದುತ್ತಿದ್ದರು. ಕೀರ್ತಿನಾಥ ಕುರ್ತಕೋಟಿ ಗುಜರಾತಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರೂ ಗ್ರಂಥಮಾಲೆಯ ಸಾಹಿತ್ಯ ಸಲಹೆಗಾರರಾಗಿ ದಶಕಗಳ ಕಾಲ ಈ ಹೊಣೆ ಹೊತ್ತರು. ಗ್ರಂಥಮಾಲೆಗೆ ಇಪ್ಪತ್ತೈದು ತುಂಬಿದ ನೆನಪಿಗೆ ತಂದ 'ನಡೆದು ಬಂದ ದಾರಿ' ಸಂಪುಟಗಳು ಹೊಸಗನ್ನಡ ಸಾಹಿತ್ಯದ ಮೊದಲ ದೊಡ್ಡ ಸಮೀಕ್ಷೆಗಳಲ್ಲಿ ಸೇರುತ್ತವೆ. ಇದು ಇನ್ನೂ ಆಗಿಲ್ಲ, ಇಲ್ಲಿ ಬಿಗಿ ಸಾಲದು, ಇದನ್ನು ಮತ್ತೊಮ್ಮೆ ಬರಿ ಎಂದು ಹೇಳಬಲ್ಲ ಸ್ನೇಹಿತ ಲೇಖಕನಿಗೆ ಸಂಭಾವನೆಗಿಂತ ದೊಡ್ಡ ಆಸ್ತಿ. ಗ್ರಂಥಮಾಲೆ ಶ್ರೀಮಂತ ಸಂಸ್ಥೆಯಾಗಲಿಲ್ಲ, ಅದರ ಲೇಖಕರೂ ಶ್ರೀಮಂತರಾಗಲಿಲ್ಲ. ಆದರೂ 'ಆಡಾಡತ ಆಯುಷ್ಯ' ಎಂಬ ಆತ್ಮಕಥೆ ಬರೆದಾಗ ಕಾರ್ನಾಡರು ಅದನ್ನು ತಂದು ಕೊಟ್ಟದ್ದು ಇದೇ ಗ್ರಂಥಮಾಲೆಗೆ, 2011ರಲ್ಲಿ, 'ಯಯಾತಿ'ಯಿಂದ ಐವತ್ತು ವರ್ಷಗಳ ಮೇಲೆ.

ಸಾಹಿತ್ಯದ ಮಾತು ಸಾಕು, ಓದಿನ ಖುಷಿಯ ಮಾತಿಗೆ ಬರೋಣ. ಈ ವಿಷಯದಲ್ಲಿ ಹುಬ್ಬಳ್ಳಿಯ ಋಣವನ್ನು ಧಾರವಾಡದವರು ಒಪ್ಪಿಕೊಳ್ಳಬೇಕು. 1956ರಲ್ಲಿ ಲೋಕಶಿಕ್ಷಣ ಟ್ರಸ್ಟಿನಿಂದ ಶುರುವಾದ 'ಕಸ್ತೂರಿ' ಮಾಸಿಕ, ಪಾ.ವೆಂ. ಆಚಾರ್ಯರ ಕೈಯಲ್ಲಿ, ಉತ್ತರ ಕರ್ನಾಟಕದ ಮನೆಮನೆಯ ಓದಾಗಿ ಬೆಳೆಯಿತು. ವಿಜ್ಞಾನ, ಬೇಟೆ, ಪ್ರವಾಸ, ವೈದ್ಯ, ಇತಿಹಾಸ, ಹಾಸ್ಯ, 'ಪದಾರ್ಥ ಚಿಂತಾಮಣಿ' ಅಂಕಣ, ಕೊನೆಯಲ್ಲಿ ಒಂದು ಇಡೀ ಪುಸ್ತಕದ ಸಂಗ್ರಹ. ಹೈಸ್ಕೂಲಿನ ಹುಡುಗನಿಗೂ ನಿವೃತ್ತ ಮುಖ್ಯಾಧ್ಯಾಪಕರಿಗೂ ಒಂದೇ ಸಂಚಿಕೆಯಲ್ಲಿ ಊಟ ಸಿಗುತ್ತಿತ್ತು. ನಮ್ಮ ವಿಮರ್ಶಕರು ಕಾದಂಬರಿ, ಕಾವ್ಯಗಳ ಬಗ್ಗೆ ಸಾವಿರಾರು ಪುಟ ಬರೆದರು, 'ಕಸ್ತೂರಿ'ಯ ಬಗ್ಗೆ ಬರೆದದ್ದು ಬಹಳ ಕಡಿಮೆ. ಇದು ಅನ್ಯಾಯ. ಕಷ್ಟದ ಪುಸ್ತಕ ಓದುವ ತಾಳ್ಮೆ ಒಮ್ಮೆಲೇ ಬರುವುದಿಲ್ಲ, ಸುಲಭದ ಓದಿನ ರುಚಿಯಿಂದ ಮೆಲ್ಲಗೆ ಬರುತ್ತದೆ. ಪಾ.ವೆಂ. ಆ ರುಚಿಯನ್ನು ಅಗ್ಗದ ಸರಕು ಬೆರೆಸದೆ ಹಚ್ಚಿದರು.

ಹೆಣ್ಣುಮಕ್ಕಳ ಓದು ಇನ್ನೊಂದು ದೊಡ್ಡ ಅಧ್ಯಾಯ. 1928ರಲ್ಲಿ ಭಾಗೀರಥಿಬಾಯಿ ಪುರಾಣಿಕರು ಕಟ್ಟಿದ ಧಾರವಾಡದ ವನಿತಾ ಸೇವಾ ಸಮಾಜದಂಥ ಸಂಸ್ಥೆಗಳು ವಿಧವೆಯರಿಗೂ ಬಡ ಹುಡುಗಿಯರಿಗೂ ಅಕ್ಷರ ಕೊಟ್ಟವು. ಅಕ್ಷರ ಬಂದ ಮೇಲೆ ಓದಲು ಏನಾದರೂ ಬೇಕಲ್ಲ. 1965ರಿಂದ 'ಸುಧಾ' ಬರತೊಡಗಿದಾಗ ಧಾರಾವಾಹಿಗಳಿಗೆ ಕಾದು ಕುಳಿತವರು ಇವರೇ. ಓಣಿಯ ಸರ್ಕ್ಯುಲೇಟಿಂಗ್ ಲೈಬ್ರರಿಗಳನ್ನು ನಡೆಸಿದ್ದೂ ಇವರ ಚಿಲ್ಲರೆ ಕಾಸು. ತ್ರಿವೇಣಿ, ಎಂ.ಕೆ. ಇಂದಿರಾ ಅವರ ಪುಸ್ತಕಗಳು ಹೊದಿಕೆ ಹರಿದು, ರಟ್ಟು ಕಟ್ಟಿಸಿಕೊಂಡು, ಮತ್ತೆ ಹರಿಯುವವರೆಗೆ ಕೈ ಬದಲಾಯಿಸುತ್ತಿದ್ದವು. ಮಧ್ಯಾಹ್ನದ ಮುಸುರೆ ಮುಗಿದ ಮೇಲೆ, ಮಕ್ಕಳು ಶಾಲೆಯಿಂದ ಬರುವುದರೊಳಗೆ ಸಿಗುವ ಆ ಒಂದೂವರೆ ತಾಸಿನಲ್ಲಿ ಕನ್ನಡ ಕಾದಂಬರಿ ಬದುಕಿತು. ಇಂದಿರಾ ಅವರೇ ನಲವತ್ತು ದಾಟಿದ ಮೇಲೆ, ಸಂಸಾರದ ನಡುವಿನಿಂದ ಬರೆಯಲು ಕುಳಿತವರು. ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ, 'ಫಣಿಯಮ್ಮ' ಬಂದದ್ದು 1976ರಲ್ಲಿ. ಗಂಡಸು ಲೇಖಕನ ಬಡತನದ ಬಗ್ಗೆ ನಾವು ಬರೆದಿದ್ದೇವೆ, ಹೆಣ್ಣುಮಗಳಿಗೆ ಬರೆಯಲು ಹೊತ್ತೇ ಸಿಗದ ಬಡತನದ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಇನ್ನು ಲೇಖಕನ ಹೊಟ್ಟೆಪಾಡಿನ ಮಾತು. ಬೆಂಗಳೂರಿನಲ್ಲಿ ಅ.ನ.ಕೃ. ಬರವಣಿಗೆಯನ್ನೇ ನಂಬಿ ನೂರಕ್ಕೂ ಹೆಚ್ಚು ಪುಸ್ತಕ ಬರೆದರು. ಪುತ್ತೂರಿನಲ್ಲಿ ಕಾರಂತರು ತಾವೇ ಅಚ್ಚು ಹಾಕಿಸಿ ತಾವೇ ಮಾರುವ ಸಾಹಸ ಮಾಡಿದರು. ಧಾರವಾಡದ ದಾರಿ ಬೇರೆ. ಇಲ್ಲಿ ಲೇಖಕನ ಬಗಲಿಗೆ ಯಾವಾಗಲೂ ಒಂದು ನೌಕರಿ ಇತ್ತು. ಶಂ.ಬಾ. ಶಾಲಾಮಾಸ್ತರರು, ಶ್ರೀರಂಗರು ಸಂಸ್ಕೃತ ಪ್ರಾಧ್ಯಾಪಕರು, ಎನ್ಕೆ 1950ರಲ್ಲಿ ಶುರುವಾದ ಆಕಾಶವಾಣಿಯಲ್ಲಿ, ಕಣವಿ ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗದಲ್ಲಿ. ಶ್ರೀನಿವಾಸ ವೈದ್ಯರು ಕೆನರಾ ಬ್ಯಾಂಕಿನಲ್ಲಿ ಸೇವೆ ಮುಗಿಸುವ ಹೊತ್ತಿಗೆ ಬರವಣಿಗೆಗೆ ತಿರುಗಿ, 2004ರಲ್ಲಿ 'ಹಳ್ಳ ಬಂತು ಹಳ್ಳ' ಕೊಟ್ಟರು. 2008ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನೌಕರಿ ಲೇಖಕನಿಗೆ ಅನ್ನವನ್ನೂ ಕೊಟ್ಟಿತು, ವಸ್ತುವನ್ನೂ ಕೊಟ್ಟಿತು. ಮುಂಬಯಿಯ ಕೈಗಾರಿಕಾ ಜಗತ್ತಿನಲ್ಲಿ ದುಡಿಯದೆ ಚಿತ್ತಾಲರು 'ಶಿಕಾರಿ' ಬರೆಯುತ್ತಿರಲಿಲ್ಲ. ಹಾಗೆಂದು ಇದನ್ನೇ ಆದರ್ಶ ಎನ್ನಲಾರೆ. ಅರವತ್ತರವರೆಗೆ ಕಾಯಬೇಕಾದ ಕಾದಂಬರಿಗಳಲ್ಲಿ ಎಷ್ಟು ಬರೆಯದೆಯೇ ಹೋದವು ಎಂದು ಯಾರು ಹೇಳಬೇಕು?

ಇವತ್ತಿನ ಲೆಕ್ಕ ಹಾಕಿ ನೋಡಿ. ಇನ್ನೂರು ರೂಪಾಯಿ ಮುಖಬೆಲೆಯ ಕಾದಂಬರಿ, ಲೇಖಕನಿಗೆ ರೂಢಿಯಂತೆ ನೂರಕ್ಕೆ ಹತ್ತು ರಾಯಧನ. ಐದುನೂರು ಪ್ರತಿ ಪೂರಾ ಮಾರಿದರೆ ಹತ್ತು ಸಾವಿರ ರೂಪಾಯಿ. ಅದು ಎರಡು ವರ್ಷ ಬರೆದದ್ದಕ್ಕೆ, ಮೂರು ನಾಲ್ಕು ವರ್ಷಗಳಲ್ಲಿ ಕೈಗೆ ಬರುವ ಹಣ. ಒಮ್ಮೆ ಸಾವಿರ ಪ್ರತಿ ಅಚ್ಚು ಹಾಕಿಸುವುದು ವಾಡಿಕೆಯಾಗಿತ್ತು, ಈಗ ಐದುನೂರೂ ಧೈರ್ಯದ ಮಾತು. ಕೆಲವು ಪುಸ್ತಕಗಳು ನೂರರ ಲೆಕ್ಕದಲ್ಲಿ ಅಚ್ಚಾಗುತ್ತವೆ. ಪಕ್ಕದ ಕೇರಳದಲ್ಲಿ 1945ರಲ್ಲೇ ಲೇಖಕರು ಕೂಡಿ ಕೊಟ್ಟಾಯಂನಲ್ಲಿ ಸಾಹಿತ್ಯ ಪ್ರವರ್ತಕ ಸಹಕಾರಿ ಸಂಘ ಕಟ್ಟಿಕೊಂಡರು. ನೂರಕ್ಕೆ ಮೂವತ್ತರಷ್ಟು ರಾಯಧನ ಕೊಡುವ ಸಂಘವೆಂದು ಅದು ಹೆಸರಾಯಿತು. ಅದೇ ವರ್ಷ ಪಿ.ಎನ್. ಪಣಿಕ್ಕರ್ ಅವರ ಮುಂದಾಳ್ತನದಲ್ಲಿ ಹಳ್ಳಿಹಳ್ಳಿಯ ವಾಚನಾಲಯಗಳನ್ನು ಜೋಡಿಸುವ ಗ್ರಂಥಶಾಲಾ ಚಳವಳಿಯೂ ಅಲ್ಲಿ ಶುರುವಾಯಿತು. ಬರೆಯುವವರ ಸಂಘ, ಓದುವವರ ಸಂಘ ಎರಡೂ ಜೊತೆಜೊತೆಗೆ ಬೆಳೆದವು. ನಮ್ಮಲ್ಲಿ ಮೊದಲನೆಯದು ಬೇರೂರಲಿಲ್ಲ. ಎರಡನೆಯದರ ಜಾಗಕ್ಕೆ ಸರಕಾರ ಬಂತು.

ಸರಕಾರ ಬಂದದ್ದು ತಪ್ಪಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಒಳ್ಳೆಯ ಕಾಯಿದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಸೇರಿರುವುದು ಅದರಿಂದಲೇ. ಗ್ರಂಥಾಲಯ ಇಲಾಖೆ ಆಯ್ಕೆಯಾದ ಪುಸ್ತಕದ ಸುಮಾರು 300 ಪ್ರತಿಗಳನ್ನು ಸಗಟಾಗಿ ಕೊಳ್ಳುವ ಪದ್ಧತಿಯಿಂದ ನೂರಾರು ಸಣ್ಣ ಪ್ರಕಾಶಕರು ಉಸಿರಾಡಿದರು. ಆದರೆ ಅದರ ಇನ್ನೊಂದು ಪರಿಣಾಮವನ್ನೂ ಹೇಳಲೇಬೇಕು. ಖರೀದಿಗೆ ಪುಟಕ್ಕೆ ಇಷ್ಟು ಎಂದು ದರ. ಪ್ರಕಾಶಕ ಇಲಾಖೆಯತ್ತ ಮುಖ ಮಾಡಿ ಕುಳಿತ, ಓದುಗನಿಗೆ ಬೆನ್ನು ತಿರುಗಿತು. ಪುಸ್ತಕ ಚೆನ್ನಾಗಿ ಕಾಣಬೇಕು, ಕೈಗೆ ಸಿಗಬೇಕು, ಓದಿಸಿಕೊಳ್ಳಬೇಕು ಎಂಬ ಒತ್ತಾಯವೇ ಇಲ್ಲವಾಯಿತು. ಯಾರೂ ಓದದೆಯೂ ಒಂದು ಪುಸ್ತಕ ಮಾರಾಟವಾಗಬಹುದು ಎಂಬ ಸ್ಥಿತಿ ಕನ್ನಡ ಪುಸ್ತಕಲೋಕಕ್ಕೆ ಆದ ದೊಡ್ಡ ಪೆಟ್ಟು. ಟಿ.ವಿ.ಯಿಂದ ಓದು ಹಾಳಾಯಿತು ಎನ್ನುವವರು ಈ ಕಡೆಗೂ ನೋಡಬೇಕು.

ಇಂಥ ಹೊತ್ತಿಗೆ ಅಂತರ್ಜಾಲ ಬಂತು, ಬ್ಲಾಗು ಬಂತು. ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ, ಗಣಕ ಪರಿಷತ್ತಿನ 'ನುಡಿ', ಆಮೇಲೆ ಯುನಿಕೋಡ್. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯ ಜೊತೆ ಕನ್ನಡದ 'ತುಂಗಾ' ಅಕ್ಷರಗಳೂ ಬಂದ ಮೇಲೆ ಬೆಂಗಳೂರಿನಲ್ಲಿ ಟೈಪು ಮಾಡಿದ್ದನ್ನು ಬೋಸ್ಟನ್ನಿನಲ್ಲಿ ಅಕ್ಷರ ಕೆಡದಂತೆ ಓದುವುದು ಸಾಧ್ಯವಾಯಿತು. 2005ರಲ್ಲಿ 'ಸಂಪದ', ಮುಂದೆ 'ಅವಧಿ', 'ಕೆಂಡಸಂಪಿಗೆ' ಜಾಲತಾಣಗಳು. ಇವುಗಳ ಸುತ್ತ ನೂರಾರು ಬ್ಲಾಗುಗಳು. ಬರೆಯುತ್ತಿದ್ದವರಲ್ಲಿ ಸಾಫ್ಟ್‌ವೇರಿನವರು, ಪರದೇಶದಲ್ಲಿರುವ ಕನ್ನಡಿಗರು, ಗೃಹಿಣಿಯರು, ನಿವೃತ್ತರು ಹೆಚ್ಚು. ಯಾವ ಸಾಹಿತ್ಯದ ಗುಂಪಿಗೂ ಸೇರದವರು, ಸಂಪಾದಕರ ವಿಷಾದಪತ್ರಕ್ಕೆ ಅಂಜಿ ಎಂದೂ ಏನನ್ನೂ ಕಳಿಸದವರು. ಕನ್ನಡದ ಲಲಿತ ಪ್ರಬಂಧಕ್ಕೆ ಅವರಿಂದ ಮತ್ತೆ ಜೀವ ಬಂತು. ಅಜ್ಜಿಯ ಅಡುಗೆ, ಊರಿನ ಜಾತ್ರೆ, ಆಡುಮಾತಿನ ಸೊಗಡು, ಕಚೇರಿಯ ಬೇಸರ, ಎಲ್ಲವೂ ಬರಹವಾಯಿತು. ಧಾರವಾಡದ ಮಾತು ಹಾಗೆಹಾಗೇ ಪುಟದ ಮೇಲೆ ಬಂದದ್ದನ್ನು ಓದಿ ದೂರದೂರದ ನಮ್ಮ ಊರಿನವರು ಎಷ್ಟು ಖುಷಿಪಟ್ಟರೆಂಬುದನ್ನು ಅವರ ಬಾಯಿಂದಲೇ ಕೇಳಿದ್ದೇನೆ. ಅದನ್ನು ಸಣ್ಣದೆಂದು ತಳ್ಳುವ ಹಿರಿಯರ ಮಾತು ನನಗೆ ಒಪ್ಪಿಗೆಯಿಲ್ಲ.

ಆದರೆ ಗ್ರಂಥಮಾಲೆಯ ಅಟ್ಟದಲ್ಲಿ ಇದ್ದ ಎರಡು ಸಂಗತಿ ಬ್ಲಾಗಿನಲ್ಲಿ ಇರಲಿಲ್ಲ. ತಿದ್ದುವವನು ಇರಲಿಲ್ಲ, ಮುಂಗಡ ಕೊಟ್ಟು ಕಾಯುವ ಓದುಗನೂ ಇರಲಿಲ್ಲ. ಬರೆದ ಕೂಡಲೇ ಬಹಳ ಚೆನ್ನಾಗಿದೆ ಎನ್ನುವ ಹತ್ತು ಮಂದಿ ಸಿಗುತ್ತಿದ್ದರು, ಇನ್ನೊಮ್ಮೆ ಬರೆಯಿರಿ ಎನ್ನುವ ಒಬ್ಬನೂ ಸಿಗುತ್ತಿರಲಿಲ್ಲ. ಬಿಟ್ಟಿಯಾಗಿ ಸಿಕ್ಕಿದ್ದಕ್ಕೆ ಓದುಗ ಋಣಿಯಾಗಿರಬೇಕಾದ ಅಗತ್ಯವೂ ಬರಲಿಲ್ಲ. ಐದಾರು ವರ್ಷಗಳಲ್ಲಿ ಬಹುಪಾಲು ಬ್ಲಾಗುಗಳು ನಿಂತುಹೋದವು. ಬರೆಯುವವರು ಫೇಸ್‌ಬುಕ್ಕಿಗೆ ಹೋದರು, ಬರಹ ಇನ್ನೂ ಗಿಡ್ಡವಾಯಿತು. ಉಳಿದವರು ಯಾರು ಎಂದು ನೋಡಿದರೆ ಅಲ್ಲಿ ಒಂದು ಪಾಠವಿದೆ. ಬರಹವನ್ನು ತಿದ್ದಿ, ಕಡಿದು, ಪುಸ್ತಕ ಮಾಡಿದವರು ಉಳಿದರು. ವಸುಧೇಂದ್ರರು ಸಾಫ್ಟ್‌ವೇರ್ ನೌಕರಿಯಲ್ಲಿದ್ದಾಗಲೇ 2004ರಲ್ಲಿ 'ಛಂದ ಪುಸ್ತಕ' ಶುರು ಮಾಡಿ, ತಮ್ಮ ಪುಸ್ತಕಗಳ ಜೊತೆಗೆ ಹೊಸ ಕಥೆಗಾರರ ಮೊದಲ ಸಂಕಲನಗಳನ್ನೂ ತಂದರು. ಮುಂದೆ ನೌಕರಿ ಬಿಟ್ಟು ಬರವಣಿಗೆಯನ್ನೇ ನೆಚ್ಚಿದರು. 2019ರ ಅವರ 'ತೇಜೋ ತುಂಗಭದ್ರಾ' ಮರುಮುದ್ರಣದ ಮೇಲೆ ಮರುಮುದ್ರಣ ಕಂಡಿತು. ಭೈರಪ್ಪನವರ ಪುಸ್ತಕಗಳ ಮಟ್ಟಿಗೆ ಈ ಮಾತು ದಶಕಗಳಿಂದ ನಿಜ. ಅವರಿಗೆ ಬೆಂಬಲವಾಗಿ ನಿಂತ ಸಾಹಿತ್ಯ ಭಂಡಾರದ ಬೇರೂ ಹುಬ್ಬಳ್ಳಿಯಲ್ಲಿದೆ. ಓದುಗನೊಡನೆ ನೇರ ನಂಟು ಇಟ್ಟುಕೊಂಡು, ಮಾರುವ ಕೆಲಸಕ್ಕೆ ಹೇಸದ ಲೇಖಕ ಮತ್ತು ಪ್ರಕಾಶಕನಿಗೆ ಕನ್ನಡದಲ್ಲಿ ಈಗಲೂ ಬಾಳುವೆಯಿದೆ.

ಹಾಗಾದರೆ ಓದುಗ ಇದ್ದಾನೆಯೇ? 2013ರ ಜನವರಿಯಲ್ಲಿ ಗಿರಡ್ಡಿ ಗೋವಿಂದರಾಜರು ಮತ್ತು ಗೆಳೆಯರು ಧಾರವಾಡ ಸಾಹಿತ್ಯ ಸಂಭ್ರಮ ಶುರು ಮಾಡಿದಾಗ ಸಭಾಂಗಣ ತುಂಬಿತು. ಹೊಸ ಕಾದಂಬರಿಯ ಮಾತು ಕೇಳಲು ಜನ ಬರುತ್ತಾರೆ, ಪುಸ್ತಕ ಮಳಿಗೆಯ ಮುಂದೆ ನಿಲ್ಲುತ್ತಾರೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದಕ್ಕೆ ಅಂತರರಾಷ್ಟ್ರೀಯ ಬುಕರ್ ಬಂದಾಗ, ಅವರ ಮೂಲ ಕನ್ನಡ ಪುಸ್ತಕಗಳನ್ನು ಕೇಳಿಕೊಂಡು ಜನ ಅಂಗಡಿಗೆ ಬಂದರು. ಆಸೆ ಬತ್ತಿಲ್ಲ.

ಬತ್ತಿರುವುದು ಬಿಡುವು. ಇಂದಿನ ಧಾರವಾಡದಲ್ಲಿ ಓದುವವರು ಹಿಂದೆಂದಿಗಿಂತ ಹೆಚ್ಚು. ಸಪ್ತಾಪುರದ ಸುತ್ತ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು, ಅವುಗಳ ಜೊತೆಗೇ ತಿಂಗಳ ಬಾಡಿಗೆಗೆ ಒಂದು ಮೇಜು, ಒಂದು ಕುರ್ಚಿ, ಒಂದು ದೀಪ ಕೊಡುವ ಓದುವ ಕೋಣೆಗಳು. ರಾಯಚೂರಿನಿಂದ, ಬಾಗಲಕೋಟೆಯಿಂದ, ಗದಗಿನಿಂದ ಬಂದ ರೈತರ ಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ಅಲ್ಲಿ ತಲೆ ಎತ್ತದೆ ಓದುತ್ತಾರೆ. ಅವರನ್ನು ನೋಡಿದರೆ ಗೌರವ ಹುಟ್ಟುತ್ತದೆ, ಸಂಕಟವೂ ಆಗುತ್ತದೆ. ಬೇಂದ್ರೆ ಯಾವ ವರ್ಷ ಯಾವ ಪ್ರಶಸ್ತಿ ಪಡೆದರೆಂದು ಅವರಿಗೆ ಗೊತ್ತು. ಬೇಂದ್ರೆಯವರ ಕವಿತೆಯನ್ನು ಓದಲು ಅವರಿಗೆ ಹೊತ್ತಿಲ್ಲ. ತಪ್ಪು ಅವರದಲ್ಲ, ನೂರು ಹುದ್ದೆಗೆ ಲಕ್ಷ ಜನ ಸಾಲು ನಿಂತ ನಾಡಿನಲ್ಲಿ ಅವರು ಇನ್ನೇನು ಮಾಡಬೇಕು? ಆದರೆ ಶಾಲೆಯ ಮಕ್ಕಳಿಗೂ ನಾವು ಇದೇ ಓದನ್ನು ಕಲಿಸುತ್ತಿದ್ದೇವಲ್ಲ, ಅದಕ್ಕೆ ನೆಪವಿಲ್ಲ. ಹತ್ತು ವರ್ಷದ ಮಗುವಿನ ಕೈಯಲ್ಲಿ ಕಥೆಪುಸ್ತಕ ಕಂಡರೆ ಅದನ್ನು ಇಟ್ಟು ಓದಿಕೋ ಎನ್ನುವ ತಂದೆತಾಯಿ ಮಾಳಮಡ್ಡಿಯಲ್ಲಿಯೂ ಇದ್ದಾರೆ.

ಹಳ್ಳಿಗಳಲ್ಲಿ ಒಂದು ಒಳ್ಳೆಯ ಕೆಲಸ ಶುರುವಾಗಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದ ಮೇಲೆ, 2020ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಅಂಕಕ್ಕಾಗಿ ಅಲ್ಲದ ಓದಿಗೆ ಸರಕಾರ ಬಾಗಿಲು ತೆಗೆದದ್ದು ಅಪರೂಪ. ನಗರದ ಬಡಾವಣೆಗಳಿಗೆ ಇಂಥದ್ದು ಇನ್ನೂ ಬಂದಿಲ್ಲ. ಅದಕ್ಕಾಗಿ ಸರಕಾರವನ್ನು ಕಾಯಬೇಕಾಗಿಯೂ ಇಲ್ಲ. ವಿದ್ಯಾವರ್ಧಕ ಸಂಘವನ್ನು, ಗೆಳೆಯರ ಗುಂಪನ್ನು, ಗ್ರಂಥಮಾಲೆಯನ್ನು ಕಟ್ಟಿದವರು ಸರಕಾರದ ಕಡೆ ನೋಡಿದವರಲ್ಲ.

ಆದ್ದರಿಂದ ಈ ಊರಿನ ಶಾಲೆಗಳಿಗೆ ನನ್ನ ಕೇಳಿಕೆ ಒಂದೇ. ವಾರಕ್ಕೆ ಒಂದು ಪಿರಿಯಡ್ಡು ಮಕ್ಕಳಿಗೆ ಇಷ್ಟದ ಪುಸ್ತಕ ಕೊಟ್ಟು ಬಿಡಿ, ಅದರ ಮೇಲೆ ಪ್ರಶ್ನೆ ಕೇಳಬೇಡಿ. ಮಾಸ್ತರರೂ ಅದೇ ಕೋಣೆಯಲ್ಲಿ ಕುಳಿತು ತಮ್ಮ ಪುಸ್ತಕ ಓದಲಿ. ಬ್ಲಾಗಿನಲ್ಲಿ, ಫೇಸ್‌ಬುಕ್ಕಿನಲ್ಲಿ ಬರೆಯುವ ಗೆಳೆಯರು ಅಚ್ಚಿಗೆ ಕೊಡುವ ಮೊದಲು ಹೊಗಳದ ಒಬ್ಬ ಓದುಗನಿಗೆ ಹಸ್ತಪ್ರತಿ ತೋರಿಸಲಿ. ಪ್ರಕಾಶಕರು ಚಂದಾ ಪದ್ಧತಿಯನ್ನು ಮತ್ತೆ ಕೈಗೆತ್ತಿಕೊಳ್ಳಲಿ. ಹಣ ಕಳಿಸುವುದು ಈಗ ಬೆರಳಿನ ಕೆಲಸ, 1933ರಲ್ಲಿ ಮನಿಆರ್ಡರಿನ ಕಾಲದಲ್ಲಿ ಆದದ್ದು ಈಗ ಆಗದಿರಲು ಕಾರಣವಿಲ್ಲ. ಮನೋಹರ ಗ್ರಂಥಮಾಲೆ ಇಂದಿಗೂ ಪುಸ್ತಕ ತರುತ್ತಿದೆ, ಅದರಂತೆ ನಾಡಿನ ತುಂಬ ಸಣ್ಣ ಪ್ರಕಾಶನಗಳಿವೆ. ಓದುಗರೇ, ಬದುಕಿರುವ ಒಬ್ಬ ಕನ್ನಡ ಲೇಖಕನ ಒಂದು ಪುಸ್ತಕವನ್ನು ಈ ತಿಂಗಳು ಗೌರವ ಪ್ರತಿ ಕೇಳದೆ, ಪಿಡಿಎಫ್ ಹುಡುಕದೆ, ಪೂರ್ತಿ ಬೆಲೆ ಕೊಟ್ಟು ಕೊಳ್ಳಿರಿ. ಓದಿ ಮುಗಿದ ಮೇಲೆ ಆ ಲೇಖಕನಿಗೆ ಇಷ್ಟವಾದದ್ದನ್ನೂ ಆಗದ್ದನ್ನೂ ಬರೆದು ತಿಳಿಸಿರಿ.